ಬೊಗ್ಗುಬಾಯಿಯ ಪಕ್ಕದ ಬಾವಿ

ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಸಿಂಗರೇಣಿ ಎಂದರೆ ದಸರಾ ಹೊತ್ತಿಗೆ ಪತ್ರಿಕೆಯಲ್ಲಿ ಬರುವ ಕಾರ್ಮಿಕರ ಬೋನಸ್ ಸುದ್ದಿ, ಅಷ್ಟೇ. ಆದರೆ ರಾಯಚೂರಿನ ಶಕ್ತಿನಗರಕ್ಕೆ ರೈಲಿನಲ್ಲಿ ಹೋಗುವ ಕಲ್ಲಿದ್ದಲಿನಲ್ಲಿ ಇಲ್ಲಿನ ಪಾಲೂ ಇದೆ. ಊರಿನಲ್ಲಿ ಅಮ್ಮನ ಮಿಕ್ಸಿ ತಿರುಗುವುದಕ್ಕೂ ಗೋದಾವರಿ ಕಣಿವೆಯ ಹಳ್ಳಿಯ ಬಾವಿ ನೀರಿಗೂ ಹೀಗೆ ನಂಟಿದೆ.

ಯೆಲ್ಲಂದುವಿನಲ್ಲಿ 1889ರಲ್ಲಿ ಗಣಿಗಾರಿಕೆ ಶುರುವಾಯಿತು. ಇಲ್ಲಿನ ಜನ ಗಣಿಯನ್ನು ಕರೆಯುವುದು ‘ಬೊಗ್ಗುಬಾಯಿ’ ಎಂದು. ಬೊಗ್ಗು ಎಂದರೆ ಕಲ್ಲಿದ್ದಲು, ಬಾಯಿ ಎಂದರೆ ಬಾವಿ. ಹೆಸರು ಸರಿಯಾಗಿಯೇ ಇದೆ. ತೆರೆದ ಗಣಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಅದು ಊರಿನ ಎಲ್ಲ ಬಾವಿಗಳಿಗಿಂತ ಆಳದ ಬಾವಿಯಾಗುತ್ತದೆ. ಸುತ್ತಲಿನ ನೀರೆಲ್ಲ ಅದರೊಳಕ್ಕೆ ಬಸಿಯುತ್ತದೆ. ಯಂತ್ರಗಳು ಓಡಾಡಬೇಕಲ್ಲ, ಪಂಪು ಹಚ್ಚಿ ಆ ನೀರನ್ನು ಹೊರಹಾಕುತ್ತಲೇ ಇರಬೇಕು. ಅತ್ತ ರೈತರ ಬಾವಿ, ಬೋರ್‌ವೆಲ್‌ಗಳ ಮಟ್ಟ ಇಳಿಯುತ್ತದೆ.

ಎರಡನೆಯ ತೊಂದರೆ ಮೇಲಿನಿಂದ. ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಕಲ್ಲನ್ನು ಅಗೆದು ಗುಡ್ಡೆ ಹಾಕಿರುತ್ತಾರೆ. ಮಳೆಗೆ ಅದು ಕೊಚ್ಚಿಕೊಂಡು ಬಂದು ಹಳ್ಳ, ಕೆರೆಗಳಲ್ಲಿ ಹೂಳಾಗುತ್ತದೆ. ಮೂರನೆಯದು ಗಂಧಕ. ಕಲ್ಲಿದ್ದಲಿನಲ್ಲಿ ಗಂಧಕದ ಅಂಶ ಹೆಚ್ಚಿದ್ದರೆ ಗಾಳಿ, ನೀರು ಸೇರಿ ಆಮ್ಲವಾಗುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ನದಿಗಳು ಕೆಟ್ಟಿದ್ದು ಹೀಗೆ. ಗೋದಾವರಿ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಆದ್ದರಿಂದ ಇಲ್ಲಿ ಮೊದಲೆರಡೇ ಮುಖ್ಯ.

ಪರಿಹಾರಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಗುಡ್ಡೆಯ ಬುಡಕ್ಕೆ ಕಲ್ಲಿನ ಗೋಡೆ, ಸುತ್ತ ಕಾಲುವೆ, ಹೂಳು ತಂಗಲು ಹೊಂಡ. ಆ ಹೊಂಡವನ್ನು ಮಳೆಗಾಲಕ್ಕೆ ಮೊದಲೇ ತೆಗೆಸಬೇಕು. ಪಂಪಿನ ನೀರನ್ನು ಶುದ್ಧ ಮಾಡಿ ಊರ ಕೆರೆಗೆ ಬಿಟ್ಟರೆ ಅಂತರ್ಜಲಕ್ಕೆ ಒಂದಿಷ್ಟು ಮರಳುತ್ತದೆ. ಅಗೆಯುವಾಗ ಮೇಲ್ಪದರದ ಫಲವತ್ತಾದ ಮಣ್ಣನ್ನು ಬೇರೆ ಇಟ್ಟರೆ ಮಾತ್ರ ಮುಂದೆ ಅಲ್ಲಿ ಹುಲ್ಲು, ಗಿಡ ಹಿಡಿಯುತ್ತದೆ. ಇದೆಲ್ಲ ಗಣಿ ಮುಚ್ಚಿದ ಮೇಲೆ ನೋಡೋಣ ಎನ್ನುವ ಕೆಲಸವಲ್ಲ, ಮೊದಲ ದಿನದಿಂದಲೇ ಆಗಬೇಕಾದದ್ದು. ಹಣಕ್ಕೂ ದಾರಿಯಿದೆ. ಕೇಂದ್ರ ಕಲ್ಲಿದ್ದಲು ಸಚಿವಾಲಯದ 2013ರ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ ಲೆಕ್ಕದಲ್ಲಿ, ಬೆಲೆ ಏರಿಕೆಯನ್ನೂ ಸೇರಿಸಿ, ಎಸ್ಕ್ರೊ ಖಾತೆಗೆ ಕಟ್ಟಬೇಕೆಂದಿತು.

ಎಂಜಿನಿಯರಾಗಿ ನನ್ನ ಕಣ್ಣು ಹೋಗುವುದು ಅಂಕಿಗಳ ಮೇಲೆ. ಗಣಿಗಳ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಮೇ, ಆಗಸ್ಟ್, ನವೆಂಬರ್, ಜನವರಿ ಎಂದು ವರ್ಷಕ್ಕೆ 4 ಸಲ ಅಳೆಯಬೇಕು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು.

ಓದುವುದು ಹೇಗೆ? ಒಂದು ಸಲದ ಅಂಕಿಯಿಂದ ಏನೂ ತಿಳಿಯದು. ಮಳೆಗಾಲ ಮುಗಿದಾಗ ಯಾವ ಬಾವಿಯೂ ತುಂಬಿದಂತೆ ಕಾಣುತ್ತದೆ. ಒಂದೇ ಬಾವಿಯ ಈ ಮೇ ತಿಂಗಳ ಮಟ್ಟವನ್ನು ಹಿಂದಿನ 5 ಮೇಗಳ ಜತೆ ಇಟ್ಟು, ಆ ವರ್ಷಗಳ ಮಳೆಯನ್ನೂ ಪಕ್ಕದಲ್ಲಿ ಬರೆದು ನೋಡಬೇಕು. ಮಳೆ ಚೆನ್ನಾಗಿದ್ದೂ ನೀರು ಇಳಿಯುತ್ತಲೇ ಇದ್ದರೆ ಗಣಿಯವರನ್ನು ಕೇಳಲು ಪ್ರಶ್ನೆ ಸಿಕ್ಕಿತು. ಇದಕ್ಕೆ ಎಕ್ಸೆಲ್‌ನ ಒಂದು ಹಾಳೆ ಸಾಕು.

ಬಾವಿಯ ಹಗ್ಗ ಈ ವರ್ಷ ಎಷ್ಟು ಮಾರು ಹೆಚ್ಚು ಇಳಿಯಿತು ಎಂಬುದು ರೈತನಿಗೆ ಗೊತ್ತು. ಆದರೆ ಅವನ ಮಾತು ಕಚೇರಿಯಲ್ಲಿ ದೂರು ಮಾತ್ರ; ಗಣಿಯವರೇ ಬರೆದ ಅಂಕಿ ದಾಖಲೆ. ಆ ಅಂಕಿಯನ್ನು ಪಂಚಾಯಿತಿ ಗೋಡೆಯ ಮೇಲೆ ತೆಲುಗಿನಲ್ಲಿ ಬರೆಸಿದರೆ ಎರಡೂ ಒಂದೇ ಕಡೆ ಸೇರುತ್ತವೆ. ನಾಗಪುರ, ಚಂದ್ರಪುರದ ಕಡೆ ಇರುವ ಕನ್ನಡಿಗರಿಗೂ ಇದೇ ನಿಯಮ, ಇದೇ ವರದಿ. ಕಲ್ಲಿದ್ದಲಿನ ಬೆಳಕು ಪಡೆದವರು ನಾವು. ರಜೆಯ ದಿನ ಒಂದು ವರದಿ ತೆರೆದು ಓದುವಷ್ಟು ಋಣವಾದರೂ ನಮ್ಮ ಮೇಲಿದೆ.