ಫಲಕ ಯಾರದು, ವೇಳೆ ಯಾರದು

ಫ್ರಾಂಚೈಸಿ ಎಂದರೆ ಹೆಸರು ಮತ್ತು ಕಟ್ಟಳೆ ಒಬ್ಬರದು, ಬಂಡವಾಳ ಮತ್ತು ದುಡಿಮೆ ಇನ್ನೊಬ್ಬರದು ಎಂಬ ಕರಾರು. ಇದಕ್ಕೆಂದೇ ಪ್ರತ್ಯೇಕ ಕಾಯಿದೆ ಭಾರತದಲ್ಲಿ ಇಲ್ಲದಿರುವುದರಿಂದ ವ್ಯಾಜ್ಯ ಬಂದಾಗ 1872ರ ಕರಾರು ಕಾಯಿದೆಯನ್ನೇ ಮುಖ್ಯವಾಗಿ ಆಶ್ರಯಿಸಬೇಕಾಗುತ್ತದೆ. ಎಳೆ ಮಕ್ಕಳ ತಾಯಂದಿರಿಗೆ ಫ್ರಾಂಚೈಸಿ ಅನುಕೂಲದ ವೇಳೆಯ ಉದ್ಯೋಗವೆಂಬ ಮಾತು ನಗರಗಳಿಂದ ಕೇಳಿಬರುತ್ತದಾದರೂ, ಅದನ್ನು ಕೊಪ್ಪಳ ಸೀಮೆಯಲ್ಲಿ ಒರೆಗೆ ಹಚ್ಚಲು ಸರ್ಕಾರಿ ಸೇವೆಗಳ ಫ್ರಾಂಚೈಸಿಗಳಾದ ಗ್ರಾಮ ಒನ್ ಕೇಂದ್ರಗಳನ್ನೇ ನೋಡಬೇಕು.

2022ರ ಜನವರಿ 26ರಂದು ರಾಜ್ಯದ 12 ಜಿಲ್ಲೆಗಳಲ್ಲಿ ವಿಧ್ಯುಕ್ತವಾಗಿ ಆರಂಭವಾದ ಈ ಯೋಜನೆಯಲ್ಲಿ ಫಲಕ ಸರ್ಕಾರದ್ದು, ಕೋಣೆ, ಕಂಪ್ಯೂಟರ್, ಪ್ರಿಂಟರ್‌ಗಳ ಹೊಣೆ ನಡೆಸುವವರದು. ಹೇಮಗುಡ್ಡದಂಥ ಊರಿನವರು ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ಗಂಗಾವತಿಯ ಬಸ್ಸು ಹಿಡಿಯುವುದನ್ನು ತಪ್ಪಿಸುವುದೇ ಇದರ ಉದ್ದೇಶವಾದ್ದರಿಂದ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಬಾಗಿಲು ತೆರೆದಿರಬೇಕೆಂಬುದು ನಿಯಮ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಂಥ ದಿನಗಳಲ್ಲಿ, ಸರ್ವರ್ ನಿಂತು ಸಾಲು ಬೆಳೆಯುತ್ತಿರುವಾಗ, ಹಾಲಿಗೆ ಅಳುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಆಧಾರ್ ಸಂಖ್ಯೆ ಒತ್ತುವ ತಾಯಿಗೆ ವೇಳೆಯ ಮೇಲೆ ಎಷ್ಟು ಹಿಡಿತವಿದ್ದೀತು? ಒಡೆತನದ ಗೌರವ, ಕಮಿಷನ್ನಿನ ಆದಾಯ ಸಿಕ್ಕರೂ ಗಡಿಯಾರ ಮಾತ್ರ ಅವಳದಲ್ಲ.

ಇದಕ್ಕೆ ನೇರ ವಿರುದ್ಧವಾದದ್ದು ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದ ತಲೆಗೂದಲಿನ ಉದ್ಯಮ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಊರೂರಿನಿಂದ ತಂದು, ಗಂಟು ಬಿಡಿಸಿ, ಉದ್ದಕ್ಕೆ ತಕ್ಕಂತೆ ಜೋಡಿಸಿ, ವಿಗ್ ತಯಾರಿಕೆಗೆ ಕಳಿಸುವ ಈ ಕಸುಬಿನಲ್ಲಿ ಹೆಂಗಸರ ಕೈಯೇ ಪ್ರಧಾನ. ಕೂದಲನ್ನು ಮನೆಗೆ ತಂದವಳು ತೊಟ್ಟಿಲು ತೂಗುತ್ತಲೂ ಗಂಟು ಬಿಡಿಸಬಲ್ಲಳು, ಆದರೆ ಬಿಡಿಸಿದಷ್ಟಕ್ಕೆ ಕೂಲಿಯೇ ಹೊರತು ವ್ಯಾಪಾರದ ಲಾಭದಲ್ಲಿ ಅವಳಿಗೆ ಪಾಲಿಲ್ಲ.

ಒಡೆತನ, ವೇಳೆಯ ಮೇಲಿನ ಹಿಡಿತ ಎರಡನ್ನೂ ಕೂಡಿಸಿದ ಮಾದರಿ 1959ರಲ್ಲಿಯೇ ಮುಂಬೈಯಲ್ಲಿ ಹುಟ್ಟಿದೆ: ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಕಟ್ಟಿದ ಲಿಜ್ಜತ್ ಪಾಪಡ್ ಸಂಸ್ಥೆಯಲ್ಲಿ ಹಿಟ್ಟನ್ನು ಮನೆಗೊಯ್ದು ಲಟ್ಟಿಸುವವರೇ ಒಡತಿಯರು. ಜೋಳದ ರೊಟ್ಟಿಯ ಈ ಸೀಮೆಗೆ ಫ್ರಾಂಚೈಸಿಗಿಂತ ಇದು ಹೆಚ್ಚು ಒಗ್ಗುವಂಥದ್ದು.

ಗ್ರಾಮ ಒನ್ ನಡೆಸುವ ತಾಯಂದಿರ ವಿಷಯಕ್ಕೆ ಬಂದರೆ, ನರೇಗಾ ಕೂಲಿಕಾರರ ಮಕ್ಕಳಿಗಾಗಿ 2023ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಬಾಗಿಲನ್ನು ಪಂಚಾಯಿತಿಗಳು ಇವರ ಮಕ್ಕಳಿಗೂ ತೆರೆಯಲಿ.