'ಕ್ವೈಟ್ ಗುಡ್' ಅಂದ್ರೆ ಎಷ್ಟು ಗುಡ್?

ಶೆಫೀಲ್ಡ್‌ಗೆ ಬಂದ ಮೊದಲ ವರ್ಷ ನಾನೂ ನನ್ನ ರೂಮ್‌ಮೇಟೂ ಬಾಡಿಗೆಗಿದ್ದದ್ದು ಗಂಡ, ಹೆಂಡತಿ ಮತ್ತು ಏಳು ವರ್ಷದ ಮಗಳಿದ್ದ ಒಂದು ಮನೆಯ ಮಹಡಿಯಲ್ಲಿ. ಆಂಟಿ ಇದೇ ಯಾರ್ಕ್‌ಷೈರ್ ಕಡೆಯವರು. ಅಂಕಲ್ ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನ್ಯಾಟಿಯವರು. (ಹೆಸರು ಹಿಡಿದೇ ಕರೀರಿ ಅಂತ ಇಬ್ಬರೂ ಎಷ್ಟೋ ಸಲ ಹೇಳಿದರು, ನಮಗೆ ಬಾಯಿ ಬರಲಿಲ್ಲ.) ಹುಟ್ಟಿದಾಗಿನಿಂದ ಇಬ್ಬರೂ ಮಾತಾಡಿದ್ದು ಇಂಗ್ಲಿಷ್ ಒಂದೇ. ಆದರೂ ದಿನಕ್ಕೊಂದು ಸಲವಾದರೂ ಒಬ್ಬರು ಇನ್ನೊಬ್ಬರಿಗೆ "ಏನಂದೆ?" ಅಂತ ಕೇಳ್ತಿದ್ದರು. ಐಇಎಲ್‌ಟಿಎಸ್ ಬರೆದು, ಬೆವರು ಸುರಿಸಿ ಬಂದಿದ್ದ ನಮಗೆ ಅದೇ ಒಂದು ಸಮಾಧಾನ.

ಅಂಕಲ್‌ಗೆ 'ಟೊಮೇಟೋ', ಆಂಟಿಗೆ 'ಟೊಮಾಟೋ'. ಇದು ಹಳೇ ತಮಾಷೆ. 1937ರ 'ಶಲ್ ವಿ ಡಾನ್ಸ್' ಸಿನಿಮಾದಲ್ಲಿ ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಹಾಡುವ ಗರ್ಶ್ವಿನ್ ಸಹೋದರರ ಹಾಡೊಂದಿದೆ. ಉಚ್ಚಾರ ಹೊಂದೋದಿಲ್ಲ ಅನ್ನೋದೇ ಆ ಜೋಡಿಯ ಜಗಳ. ಆದರೆ ಆಂಟಿ 'ಬಾತ್' ಅನ್ನೋದನ್ನ ಲಂಡನ್ನಿನವರ ಹಾಗೆ ಎಳೆಯದೆ ಚಿಕ್ಕದಾಗಿ ಹೇಳ್ತಾರೆ. ಅಂದರೆ ಸ್ನಾನದ ವಿಷಯದಲ್ಲಿ ಅವರು ಲಂಡನ್ನಿಗಿಂತ ಅಮೆರಿಕದ ಗಂಡನಿಗೇ ಹತ್ತಿರ!

ಇಬ್ಬರ ನಡುವಿನ ದೊಡ್ಡ ವ್ಯತ್ಯಾಸ 'ರ್' ಅಕ್ಷರದ್ದು. ಅಂಕಲ್ 'ಕಾರ್' ಅಂತ ನಾಲಿಗೆ ಮಡಚಿ ಹೇಳ್ತಾರೆ, ಆಂಟಿಯ ಬಾಯಲ್ಲಿ ಅದು ಬರೀ 'ಕಾ'. ಇಂಗ್ಲೆಂಡಿನದು ಅಸಲಿ, ಅಮೆರಿಕದ್ದು ಕೆಟ್ಟದ್ದು ಅಂತ ನಾನೂ ತಿಳಿದಿದ್ದೆ. ಇಲ್ಲಿ ವಿಷಯ ಉಲ್ಟಾ. 1600ರ ದಶಕಗಳಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಆಗಿನ ಇಂಗ್ಲೆಂಡಿನ 'ರ್' ಅನ್ನು ಜೊತೆಗೇ ಒಯ್ದರು. ಲಂಡನ್ ಮತ್ತು ಸುತ್ತಮುತ್ತಲಿನವರು ಅದನ್ನು ಬಿಡುತ್ತಾ ಬಂದದ್ದು ಆಮೇಲೆ, ಮುಖ್ಯವಾಗಿ 18ನೇ ಶತಮಾನದಲ್ಲಿ. ಶರತ್ಕಾಲಕ್ಕೆ ಅಮೆರಿಕದವರು ಹೇಳುವ 'ಫಾಲ್' ಕೂಡ ಇಂಗ್ಲೆಂಡಿನಿಂದಲೇ ಹೋದ ಹಳೇ ಮಾತು. ಊರು ಬಿಟ್ಟವರು ಹಳೆಯದನ್ನು ಹಿಡಿದುಕೊಳ್ಳೋದು, ಊರಲ್ಲಿದ್ದವರು ಬದಲಾಗೋದು! ಹೊರದೇಶದ ಕನ್ನಡಿಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಿಟ್ಟ 'ರ್' ಬೇಡದ ಕಡೆ ಬಂದು ಕೂರುತ್ತದೆ ಅನ್ನೋದು ಇನ್ನೂ ಮಜ. ಆಂಟಿ 'ಲಾ ಆ್ಯಂಡ್ ಆರ್ಡರ್' ಅನ್ನೋದಿಲ್ಲ, 'ಲಾರ್ ಆ್ಯಂಡ್ ಓಡ' ಅಂತಾರೆ. ನಮ್ಮ ದೀಪಾ, ಪ್ರಿಯಾಗಳು ಗಮನಿಸಿ ನೋಡಿ, ನಿಮ್ಮ ಹೆಸರಿನ ಮುಂದೆ ಸ್ವರ ಬಂದರೆ ಇಲ್ಲಿನವರ ಬಾಯಲ್ಲಿ ನೀವು 'ದೀಪಾರ್ ಈಸ್', 'ಪ್ರಿಯಾರ್ ಈಸ್' ಆಗಿರುತ್ತೀರಿ. ಅಂಕಲ್‌ಗೆ ಇದು ಹುಚ್ಚಾಟ. ನಮಗೆ ಹಾಗನ್ನಿಸಬೇಕಾಗಿಲ್ಲ, ಹೈಸ್ಕೂಲ್ ವ್ಯಾಕರಣ ನೆನಪು ಮಾಡಿಕೊಂಡರೆ ಸಾಕು. ಮನೆ ಮತ್ತು ಅನ್ನು ಸೇರಿ 'ಮನೆಯನ್ನು', ಗುರು ಮತ್ತು ಅನ್ನು ಸೇರಿ 'ಗುರುವನ್ನು'. ಎರಡು ಸ್ವರ ಎದುರಾದಾಗ ನಾವು ಮಧ್ಯೆ ಯಕಾರವನ್ನೋ ವಕಾರವನ್ನೋ ತರುತ್ತೇವೆ, ಅವರು ರಕಾರ ತರುತ್ತಾರೆ. ಆಗಮಸಂಧಿ ಅಂತ ನಾನು ವಿವರಿಸಿದಾಗ ಆಂಟಿಗೆ ತಮ್ಮ ಮಾತಿಗೂ ಒಂದು ನಿಯಮ ಇದೆಯಲ್ಲ ಅಂತ ಖುಷಿಯೋ ಖುಷಿ.

ಉಚ್ಚಾರದಿಂದ ಆ ಮನೆಯಲ್ಲಿ ಜಗಳ ಆಗಿದ್ದನ್ನು ನಾನು ನೋಡಲಿಲ್ಲ. ಕಿವಿಗೆ ಬೇರೆ ಅಂತ ಗೊತ್ತಾದರೆ ಮನುಷ್ಯ ಎಚ್ಚರವಾಗುತ್ತಾನೆ, ಕೇಳಿ ತಿಳಿದುಕೊಳ್ಳುತ್ತಾನೆ. ಕೈಕೊಡುವುದು ಇಬ್ಬರೂ ಒಂದೇ ಥರ ಹೇಳಿ, ಬೇರೆ ಅರ್ಥ ಮಾಡಿಕೊಳ್ಳುವ ಮಾತು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನನ್ನ ಡಿಸರ್ಟೇಶನ್ನಿನ ಮೊದಲ ಅಧ್ಯಾಯ ಓದಿ ಗೈಡ್ "ಕ್ವೈಟ್ ಗುಡ್" ಅಂದಿದ್ದರು. ನಾನು ಕುಣಿದಾಡಿ, ಅದನ್ನು ಮತ್ತೆ ಮುಟ್ಟಲೇ ಇಲ್ಲ. ಕೊನೆಗೆ ಬಂದದ್ದು 54.

ಅಡುಗೆಮನೆಯಲ್ಲಿ ಸಪ್ಪೆ ಮುಖ ಹಾಕಿ ಕೂತಿದ್ದೆ. ಅಂಕಲ್ ಕಾಫಿ ಮುಂದಿಟ್ಟು ತಮ್ಮ ಕಥೆ ಹೇಳಿದರು. ಮದುವೆಯಾದ ಹೊಸದರಲ್ಲಿ ಅವರು ತಮ್ಮೂರಿನ ಚಿಲಿ ಮಾಡಿದ್ದರಂತೆ. ಸಿನ್ಸಿನ್ಯಾಟಿಯ ಚಿಲಿ ಅಂದರೆ ದಾಲ್ಚಿನ್ನಿ ಹಾಕಿದ ಕೈಮಾ ಸಾಸು, ಅದನ್ನು ಸ್ಪಗೆಟಿ ಮೇಲೆ ಸುರಿದು, ಮೇಲೆ ರಾಶಿ ಚೀಸ್. ಆಂಟಿ ತಿಂದು "ಕ್ವೈಟ್ ನೈಸ್" ಅಂದರು. ಅಮೆರಿಕದಲ್ಲಿ 'ಕ್ವೈಟ್' ಅಂದರೆ 'ತುಂಬಾ'. ಇಂಗ್ಲೆಂಡಿನಲ್ಲಿ 'ಗುಡ್', 'ನೈಸ್' ಥರದ ಮಾತಿನ ಹಿಂದೆ ಬಂದರೆ ಹೆಚ್ಚಿನ ಸಲ 'ಪರವಾಗಿಲ್ಲ, ಅಷ್ಟಕ್ಕಷ್ಟೆ'. ಇವರು ಖುಷಿಯಾಗಿ ಪ್ರತಿ ಭಾನುವಾರ ಅದನ್ನೇ ಮಾಡಿದರು. ಅವರು ಪ್ರತಿ ಭಾನುವಾರ ಮರ್ಯಾದೆಗೆ ತಿಂದರು. ಎರಡು ವರ್ಷ! ಇಷ್ಟವಿಲ್ಲ ಅಂತ ಗೊತ್ತಿದ್ದೂ ಅದನ್ನೇ ಬಡಿಸುವ ಗಂಡ ಅಂತ ಆಕೆಗೆ ಒಳಗೊಳಗೇ ಬೇಜಾರು. ಒಂದು ದಿನ ಬಾಯಿಬಿಟ್ಟಾಗ, "ಎರಡು ವರ್ಷ ನನಗೆ ಸುಳ್ಳು ಹೇಳಿದೆಯಾ?" ಅಂತ ಈತನ ಸಿಟ್ಟು. "ಸುಳ್ಳೆಲ್ಲಿ, ಮೊದಲ ದಿನವೇ ಹೇಳಿದ್ದೆನಲ್ಲ" ಅಂತ ಆಕೆಯ ಉತ್ತರ. ನಾಲ್ಕು ದಿನ ಮಾತಿರಲಿಲ್ಲವಂತೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ವಿನ್‌ಸ್ಟನ್ ಚರ್ಚಿಲ್ ಇಂಥದೇ ದಂಪತಿಯ ಮಗ. ತಾಯಿ ಜೆನ್ನಿ ಜೆರೋಮ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನವರು, 1874ರಲ್ಲಿ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್‌ರನ್ನು ಮದುವೆಯಾದವರು. ಎರಡನೇ ಮಹಾಯುದ್ಧದ ನೆನಪುಗಳಲ್ಲಿ ಚರ್ಚಿಲ್ ಒಂದು ಪ್ರಸಂಗ ಬರೆದಿದ್ದಾರೆ. ಬ್ರಿಟಿಷ್ ಅಧಿಕಾರಿಗಳು ಒಂದು ಪತ್ರವನ್ನು 'ಟೇಬಲ್' ಮಾಡೋಣ ಅಂದರು, ಅಂದರೆ ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ ಅಂತ. ಅಮೆರಿಕದವರಿಗೆ 'ಟೇಬಲ್' ಮಾಡೋದು ಅಂದರೆ ಪಕ್ಕಕ್ಕಿಟ್ಟು ಮರೆಯೋದು. ದೀರ್ಘ ವಾದ ನಡೆದು, ಮಾತು ಬಿಸಿಯಾದ ಮೇಲೆ ಗೊತ್ತಾಯಿತು, ಎರಡೂ ಕಡೆಯವರಿಗೆ ಬೇಕಾಗಿದ್ದು ಒಂದೇ.

ಇಂಥ ಮಾತಿನ ಪಟ್ಟಿ ಉದ್ದವಿದೆ, 'ಪ್ಯಾಂಟ್ಸ್' ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಇಲ್ಲಿ ಅದು ಒಳಚಡ್ಡಿ, ಮೇಲಿನದು 'ಟ್ರೌಸರ್ಸ್'. ಹೊಸಬರು ನೆನಪಿಡಿ. ಇನ್ನು ಬೆಳಗಾದರೆ ಕೇಳುವ "ಯು ಆಲ್‌ರೈಟ್?". ಮೊದಮೊದಲು ಅಂಕಲ್ "ಯಾಕೆ, ನಾನು ಕಾಯಿಲೆಯವನ ಥರ ಕಾಣ್ತೀನಾ?" ಅಂತ ಗಾಬರಿ ಆಗುತ್ತಿದ್ದರಂತೆ. ಹುಬ್ಬಳ್ಳಿಯ ನನ್ನ ರೂಮ್‌ಮೇಟ್‌ಗೆ ಮಾತ್ರ ಒಂದು ದಿನವೂ ಕಷ್ಟವಾಗಲಿಲ್ಲ. "ನಾವು ಆರಾಮ ಏನ್ರಿ ಅಂತ ಕೇಳಂಗಿಲ್ಲೇನು, ಹಂಗ ಇದು. ಆರಾಮ್ರಿ ಅಂದು ಮುಂದ ಹೋಗೋದು." ನಮ್ಮ ಮೈಸೂರು ಕಡೆಯ "ಊಟ ಆಯ್ತಾ?"ಕ್ಕೂ ಅದೇ ಲೆಕ್ಕ. ಕೇಳಿದವರಿಗೆ ಪಲ್ಯದ ವಿವರ ಬೇಕಿರುವುದಿಲ್ಲ.

ಈಗ ಆ ಮನೆಯಲ್ಲಿ ಚಿಲಿ ತಿಂಗಳಿಗೊಮ್ಮೆ, ದಾಲ್ಚಿನ್ನಿ ಅರ್ಧ. ಅಂಕಲ್‌ಗೆ ಉಳಿದಿರುವ ಚಿಂತೆ ಮಗಳದು. ಅವರ 'ವಾಡರ್' ಅವಳಿಗೆ 'ವೋಟ', ಶಾಲೆಗೆ ಸೇರಿದ ಮೇಲೆ ಪೂರ್ತಿ ಅಮ್ಮನ ಊರಿನವಳಾಗಿಬಿಟ್ಟಳು. ಸಿನ್ಸಿನ್ಯಾಟಿಯ ಅಜ್ಜಿಗೆ ಫೋನಿನಲ್ಲಿ ಅವಳ ಮಾತು ಹತ್ತುವುದಿಲ್ಲ. "ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡ್ತೀನಿ ನೋಡಿ" ಅಂತ ನಗುತ್ತಿದ್ದರು, ಆದರೆ ಆ ನಗು ಬೇಗ ಮುಗಿಯುತ್ತಿತ್ತು.

ನಾವು ಮನೆ ಖಾಲಿ ಮಾಡುವ ಹಿಂದಿನ ಭಾನುವಾರ ಅಜ್ಜಿಯ ವಿಡಿಯೋ ಕಾಲ್ ಬಂತು. ಅಜ್ಜಿ ಎರಡು ಸಲ "ಏನು ಪುಟ್ಟಾ?" ಅಂದರು. ಮೂರನೇ ಸಲಕ್ಕೆ ಹುಡುಗಿ, ಯಾರೂ ಹೇಳಿಕೊಡದೆ, ನಾಲಿಗೆ ಮಡಚಿ 'ವಾಡರ್' ಅಂದಳು. ತನ್ನ ಸ್ವಿಮ್ಮಿಂಗ್ ಕ್ಲಾಸಿನ ಕಥೆ ಪೂರ್ತಿ ಹಾಗೇ ಒಪ್ಪಿಸಿದಳು. ಅಂಕಲ್ ಪಾತ್ರೆ ತೊಳೆಯೋದನ್ನು ನಿಲ್ಲಿಸಿ ನಿಂತಿದ್ದರು. ಕಾಲ್ ಮುಗಿದ ಮೇಲೆ ಅವಳು ಅಮ್ಮನ ಕಡೆ ತಿರುಗಿ, ಬಾಯಾರಿಕೆ ಆಗಿದೆ, ಸ್ವಲ್ಪ 'ವೋಟ' ಕೊಡು ಅಂದಳು.