ಸಂಗೀತ ಪತ್ರಿಕೆಯ ಪುಟ ಕಟ್ಟುವ ಬಗೆ

ಶಾಲೆ ಕಾಲೇಜುಗಳಲ್ಲಿ ಓದುವ ಮಕ್ಕಳು ತಾವೇ ಒಂದು ಪತ್ರಿಕೆ ಹೊರಡಿಸುವುದು ಕನ್ನಡ ಸಂಘಗಳಿಗೆ ಹೊಸದಲ್ಲ. ಕಥೆ, ಕವನ, ನಗೆಹನಿಗಳ ಪತ್ರಿಕೆಯಾದರೆ ಉತ್ಸಾಹವೊಂದಿದ್ದರೆ ಬಹುಮಟ್ಟಿಗೆ ಸಾಕು. ಸಂಗೀತಕ್ಕೆಂದೇ ಮೀಸಲಾದ ಪತ್ರಿಕೆಯ ಕೆಲಸ ಬೇರೆ. ಅಲ್ಲಿ ಓದುವವನು ಓದಿ ಸುಮ್ಮನಾಗುವುದಿಲ್ಲ. ಪುಟವನ್ನು ಮುಂದಿಟ್ಟುಕೊಂಡು ಹಾಡುತ್ತಾನೆ. ಒಂದು ಚುಕ್ಕೆ ಬಿಟ್ಟುಹೋದರೆ ಸ್ವರದ ಸ್ಥಾಯಿ ಬದಲಾಗುತ್ತದೆ. ಒಂದು ಗೆರೆ ಜಾರಿದರೆ ತಾಳ ತಪ್ಪುತ್ತದೆ. ಆದುದರಿಂದ ಇಂಥ ಪತ್ರಿಕೆಗೆ ಕೈಹಾಕುವ ಹುಡುಗ ಹುಡುಗಿಯರಿಗೂ, ಅವರಿಗೆ ಕಾಗದ ಕೊಡಿಸುವ ತಂದೆತಾಯಿಗಳಿಗೂ ಉಪಯೋಗವಾಗಲೆಂದು, ಪುಟ ಕಟ್ಟುವ ಕೆಲವು ವಾಡಿಕೆಗಳನ್ನು ಇಲ್ಲಿ ಹೇಳುತ್ತೇವೆ.

ವಾಡಿಕೆ ಏಕೆ ಬೇಕು?

ನಮ್ಮ ಓದುಗರಲ್ಲಿ ಲೆಕ್ಕ ಬರೆದು ಜೀವನ ನಡೆಸುವವರು ಬಹುಮಂದಿ. ರೋಕಡ ಪುಸ್ತಕದಲ್ಲಿ ಜಮಾ ಎಡಕ್ಕೆ, ಖರ್ಚು ಬಲಕ್ಕೆ ಎಂಬುದು ಎಲ್ಲರೂ ಬಲ್ಲ ಮಾತು. ತಿರುಗುಮುರುಗು ಬರೆದರೂ ಮೊತ್ತವೇನೂ ಬದಲಾಗದು. ಆದರೂ ಯಾರೂ ಹಾಗೆ ಬರೆಯುವುದಿಲ್ಲ. ಒಬ್ಬ ಗುಮಾಸ್ತ ರಜೆ ಹೋದ ದಿನ ಇನ್ನೊಬ್ಬನು ಬಂದು ಆ ಪುಸ್ತಕ ತೆರೆದರೆ, ಯಾರನ್ನೂ ಕೇಳದೆ ಅವನಿಗೆ ಲೆಕ್ಕ ತಿಳಿಯಬೇಕಷ್ಟೆ? ವಾಡಿಕೆಯ ಪ್ರಯೋಜನ ಅದೇ. ಬರೆದವನು ಎದುರಿಗಿಲ್ಲದಾಗಲೂ ಬರಹ ಅರ್ಥವಾಗಬೇಕು. ಪತ್ರಿಕೆಯ ಪುಟಕ್ಕೂ ಈ ಮಾತು ಸಲ್ಲುತ್ತದೆ.

ಹೈದರಾಬಾದಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಓದುವುದು ಇಂಗ್ಲಿಷು ಅಥವಾ ತೆಲುಗು. ಕನ್ನಡವನ್ನು ಮನೆಯಲ್ಲಿ ಆಡುತ್ತಾರೆ, ಆದರೆ ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದುತ್ತಾರೆ. ಅಂಥ ಹುಡುಗನ ಕೈಗೆ ತೊಡಕಾದ ಪುಟ ಸಿಕ್ಕಿದರೆ ಅವನು ಪುಟವನ್ನು ದೂರುವುದಿಲ್ಲ. ಕನ್ನಡವೇ ಕಷ್ಟವೆಂದು ಕೆಳಗಿಡುತ್ತಾನೆ. ಒಮ್ಮೆ ಕೆಳಗಿಟ್ಟದ್ದನ್ನು ಮತ್ತೆ ಎತ್ತಿಸುವುದು ಸುಲಭವಲ್ಲ.

ವಾಡಿಕೆಗಳನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಭಾನುವಾರ ಅಬಿಡ್ಸಿನಲ್ಲಿ ಮುಚ್ಚಿದ ಅಂಗಡಿಗಳ ಮುಂದೆ, ಕಾಲುದಾರಿಯುದ್ದಕ್ಕೂ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಅಲ್ಲಿ ಯಾವ ಭಾಷೆಯದಾದರೂ ಸರಿ, ಹತ್ತು ಪತ್ರಿಕೆಗಳನ್ನು ಎತ್ತಿ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಭಾಷೆ ಬಾರದಿದ್ದರೂ ಇದು ಹೆಸರು, ಇದು ತಿಂಗಳು, ಇದು ಲೇಖನದ ತಲೆಬರಹ, ಇದು ಚಿತ್ರದ ವಿವರಣೆ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಹತ್ತರಲ್ಲಿಯೂ ಸಮಾನವಾಗಿರುವುದೇ ವಾಡಿಕೆ. ಒಂದೊಂದರಲ್ಲಿ ಬೇರೆಯಾಗಿರುವುದು ಆಯಾ ಪತ್ರಿಕೆಯ ಸ್ವಂತ ಸೊಗಸು.

ಮುಖಪುಟ

ಪತ್ರಿಕೆಯ ಹೆಸರು ಪುಟದ ನೆತ್ತಿಯಲ್ಲಿರಬೇಕು. ಇದಕ್ಕೆ ಕಾರಣ ಯಾವುದೇ ವಾಚನಾಲಯದ ನಿಲುವಿನಲ್ಲಿ ಕಾಣುತ್ತದೆ. ಪತ್ರಿಕೆಗಳು ಒಂದರ ಹಿಂದೊಂದು ನಿಂತಾಗ ಹೊರಗೆ ಕಾಣುವುದು ಮೇಲಿನ ನಾಲ್ಕು ಬೆರಳಿನಷ್ಟು ಜಾಗ ಮಾತ್ರ. ಹೆಸರು ನಡುವಿನಲ್ಲಿದ್ದರೆ ಹಿಂದಿನ ಸಾಲಿನ ಪತ್ರಿಕೆ ಅನಾಮಧೇಯವಾಗುತ್ತದೆ. ಹೆಸರಿನ ಅಕ್ಷರಗಳ ರೂಪ ಪ್ರತಿ ಸಂಚಿಕೆಯಲ್ಲಿಯೂ ಒಂದೇ ಆಗಿರಲಿ. ಚಿತ್ರವೂ ಬಣ್ಣವೂ ಬದಲಾಗಬಹುದು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಂಪುಟ, ಸಂಚಿಕೆ, ತಿಂಗಳು, ವರ್ಷ, ಊರು ಬರಬೇಕು. ಬೆಲೆಯಿಲ್ಲದಿದ್ದರೆ ‘ಉಚಿತ’ ಎಂದು ಬರೆಯಿರಿ. ಮಕ್ಕಳು ಬಹಳ ಸಲ ವರ್ಷವನ್ನು ಬಿಡುತ್ತಾರೆ. ಐದು ವರ್ಷಗಳ ಮೇಲೆ ಆ ಪ್ರತಿಯನ್ನು ತೆರೆದವರಿಗೆ ಅದು ಯಾವ ಕಾಲದ್ದೆಂದು ತಿಳಿಯದೆ ಹೋಗುತ್ತದೆ.

ಚಿತ್ರ ಒಂದೇ ಇದ್ದರೆ ಲೇಸು. ಗಾಯಕರ ಮುಖವಾದರೆ ಅವರ ದೃಷ್ಟಿ ಓದುಗನ ಕಡೆಗೋ ಪುಟದ ಒಳಗಡೆಗೋ ಇರಲಿ. ಹೊರ ಅಂಚಿನ ಕಡೆಗೆ ನೋಡುವ ಮುಖ ಓದುಗನ ಕಣ್ಣನ್ನೂ ಹೊರಗೆ ಎಳೆಯುತ್ತದೆ. ಪತ್ರಿಕೆಯನ್ನು ಜೆರಾಕ್ಸ್ ಮಾಡಿಸುವುದಾದರೆ ಛಾಯಾಚಿತ್ರ ಮಸಿಯ ಮುದ್ದೆಯಾಗುವ ಭಯವುಂಟು. ಗೆರೆಯಲ್ಲಿ ಬರೆದ ತಂಬೂರಿ, ತಬಲ, ವೀಣೆಗಳು ಎಷ್ಟು ಪ್ರತಿ ತೆಗೆದರೂ ಸ್ವಚ್ಛವಾಗಿ ಬರುತ್ತವೆ. ಒಳಗಿರುವ ಮೂರು ನಾಲ್ಕು ಮುಖ್ಯ ವಿಷಯಗಳನ್ನು ಮುಖಪುಟದ ಒಂದು ಬದಿಯಲ್ಲಿ ಸೂಚಿಸಿದರೆ ಸಾಕು. ಇಡೀ ಪರಿವಿಡಿಯನ್ನು ಅಲ್ಲಿ ತುಂಬಬಾರದು.

ಕೈಯಲ್ಲಿ ಬರೆದ ಪತ್ರಿಕೆಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹರ್ಮನ್ ಮೋಗ್ಲಿಂಗರಿಂದ ಹೊರಟಾಗ ಅದು ಮೊಳೆಯಚ್ಚಿನಲ್ಲಿ ಬರಲಿಲ್ಲ, ಕಲ್ಲಚ್ಚಿನಲ್ಲಿ ಬಂದಿತು. ಕಲ್ಲಚ್ಚೆಂದರೆ ಕೈಯಿಂದ ಬರೆದ ಅಕ್ಷರವನ್ನೇ ಕಲ್ಲಿನ ಮೇಲಿಂದ ಕಾಗದಕ್ಕೆ ಒತ್ತುವುದು.

ಒಳಪುಟ

ಇಂಗ್ಲಿಷ್ ಪತ್ರಿಕೆಗಳನ್ನು ನೋಡಿ ಕಲಿಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಅವರ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಎರಡು ಬಗೆಗಳುಂಟು. ತಲೆಬರಹಕ್ಕೆ ಪೂರ್ತಿ ದೊಡ್ಡಕ್ಷರ ಬಳಸಿದರೆ ಆಯಿತು. ಕನ್ನಡದಲ್ಲಿ ಆ ಭೇದವಿಲ್ಲ. ನಾವು ಗಾತ್ರದಿಂದ, ದಪ್ಪದಿಂದ, ಸುತ್ತ ಬಿಟ್ಟ ಖಾಲಿ ಜಾಗದಿಂದ ತಲೆಬರಹವನ್ನು ತೋರಿಸಬೇಕು. ಮೂರು ಗಾತ್ರಗಳು ಸಾಕು: ತಲೆಬರಹಕ್ಕೆ ಒಂದು, ಲೇಖನಕ್ಕೆ ಒಂದು, ಚಿತ್ರದ ವಿವರಣೆಗೆ ಒಂದು. ಕಂಪ್ಯೂಟರಿನಲ್ಲಿ ಹತ್ತಾರು ಬಗೆಯ ಅಕ್ಷರಗಳು ಸಿಗುತ್ತವೆಂದು ಎಲ್ಲವನ್ನೂ ಒಂದೇ ಪುಟದಲ್ಲಿ ಸುರಿದರೆ ಪುಟ ಸಂತೆಯಾಗುತ್ತದೆ.

ಇನ್ನೊಂದು ಭೇದ ಒತ್ತಕ್ಷರದ್ದು. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಿಧಾನವಾಗಿ ಓದುವ ಮಕ್ಕಳಿಗೆ ಇದೇ ದೊಡ್ಡ ತೊಡಕು. ನಾಲ್ಕು ಸಾಲು ಕಡಮೆಯಾದರೂ ಚಿಂತೆಯಿಲ್ಲ, ಸಾಲಿನ ನಡುವೆ ಉಸಿರಾಡಲು ಜಾಗವಿರಲಿ.

ಸಂದರ್ಶನದಲ್ಲಿ ಪ್ರಶ್ನೆ ದಪ್ಪಕ್ಷರದಲ್ಲಿ, ಉತ್ತರ ಸಾಮಾನ್ಯ ಅಕ್ಷರದಲ್ಲಿ ಬರುವುದು ರೂಢಿ. ಹಿರಿಯ ಕಲಾವಿದರ ವಿಷಯದಲ್ಲಿ ತಲೆಬರಹದಲ್ಲಿಯೂ ಬಹುವಚನವನ್ನು ಬಿಡಬಾರದು. ಹೆಸರಿನ ಹಿಂದಿನ ಪಂಡಿತ್, ಉಸ್ತಾದ್, ವಿದ್ವಾನ್ ಎಂಬ ಗೌರವಪದಗಳು ಒಂದು ಪುಟದಲ್ಲಿದ್ದು ಇನ್ನೊಂದರಲ್ಲಿ ಮಾಯವಾದರೆ ಪಕ್ಷಪಾತದಂತೆ ಕಾಣುತ್ತದೆ. ಎಲ್ಲರಿಗೂ ಒಂದೇ ನಿಯಮವಿರಲಿ.

ಸ್ವರಲಿಪಿ

ಇದು ಸಂಗೀತ ಪತ್ರಿಕೆಯ ಪ್ರಾಣ. ಉಳಿದ ಪುಟಗಳಲ್ಲಿ ವಾಡಿಕೆ ಮೀರಿದರೆ ಅಂದ ಕೆಡಬಹುದು. ಇಲ್ಲಿ ಮೀರಿದರೆ ಹಾಡೇ ಕೆಡುತ್ತದೆ. ನಮ್ಮ ಊರಿನ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕುಂಟು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆ ಕಡೆಯಿಂದ ಬಂದ ಕುಟುಂಬಗಳ ಕಿವಿ ಬಹುಮಟ್ಟಿಗೆ ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿದ್ದು. ಮೈಸೂರು ಸೀಮೆಯಿಂದ ಬಂದವರ ಮನೆಗಳಲ್ಲಿ ಕರ್ನಾಟಕ ಸಂಗೀತದ ಪಾಠ ಹೆಚ್ಚು. ಒಂದೇ ಪತ್ರಿಕೆಯನ್ನು ಎರಡೂ ಮನೆಗಳ ಮಕ್ಕಳು ಓದಬೇಕು. ಎರಡು ಪದ್ಧತಿಗಳಲ್ಲಿಯೂ ಅಕ್ಷರ ಒಂದೇ, ಅರ್ಥ ಬೇರೆ.

ಮೊದಲು ‘ಸಾ’ ಎಂಬ ಅಕ್ಷರವನ್ನೇ ನೋಡಿರಿ. ಕರ್ನಾಟಕ ಪದ್ಧತಿಯಲ್ಲಿ ‘ಸ’ ಎಂದರೆ ಒಂದು ಅಕ್ಷರಕಾಲ, ದೀರ್ಘವಾದ ‘ಸಾ’ ಎಂದರೆ ಎರಡು. ಹಿಂದೂಸ್ತಾನಿ ಬರವಣಿಗೆಯಲ್ಲಿ ‘ಸಾ’, ‘ರೇ’ ಎಂಬುವು ಸ್ವರದ ಹೆಸರುಗಳಷ್ಟೇ. ಆ ದೀರ್ಘದಿಂದ ಕಾಲ ಬೆಳೆಯುವುದಿಲ್ಲ. ಇನ್ನು ಸೊನ್ನೆ. ಹಿಂದೂಸ್ತಾನಿಯಲ್ಲಿ ಅದು ತಾಳದ ಖಾಲಿಯ ಗುರುತು. ಕರ್ನಾಟಕದಲ್ಲಿ ಎರಡಕ್ಷರದ ದ್ರುತದ ಗುರುತು. ಸ್ವರದ ಕೆಳಗಿನ ಅಡ್ಡಗೆರೆ ಭಾತಖಂಡೆಯವರ ಪದ್ಧತಿಯಲ್ಲಿ ಕೋಮಲವನ್ನು ತೋರಿಸುತ್ತದೆ. ಕರ್ನಾಟಕದಲ್ಲಿ ಸ್ವರಗಳ ಮೇಲೆ ಎಳೆದ ಅಡ್ಡಗೆರೆ ವೇಗವನ್ನು ತೋರಿಸುತ್ತದೆ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಪ್ಪಂದವಿದೆ.

ಎಲ್ಲಕ್ಕಿಂತ ಮೋಸಮಾಡುವ ಪದ ‘ಶುದ್ಧ’. ಕರ್ನಾಟಕ ಸಂಗೀತದ ಮೊದಲ ಪಾಠಗಳು ಮಾಯಾಮಾಳವಗೌಳ ರಾಗದಲ್ಲಿವೆ. ಅದರ ರಿಷಭವನ್ನು ಅಲ್ಲಿ ಶುದ್ಧವೆನ್ನುತ್ತಾರೆ. ಅದೇ ಸ್ವರಗಳ ಹಿಂದೂಸ್ತಾನಿ ರಾಗ ಭೈರವ. ಅಲ್ಲಿ ಅದೇ ರಿಷಭಕ್ಕೆ ಕೋಮಲವೆಂದು ಹೆಸರು. ಹಿಂದೂಸ್ತಾನಿಯವರು ಶುದ್ಧ ರಿಷಭವೆನ್ನುವುದು ಕರ್ನಾಟಕದವರ ಚತುಶ್ರುತಿ ರಿಷಭ. ಹೀಗಿರುವಾಗ ಪತ್ರಿಕೆಯಲ್ಲಿ ‘ಶುದ್ಧ ರಿಷಭ’ ಎಂದು ಬರಿದೇ ಬರೆದರೆ ಮೈಸೂರಿನ ಮನೆಯ ಹುಡುಗಿ ಒಂದು ಸ್ವರ ಹಾಡುತ್ತಾಳೆ, ಕಲಬುರಗಿಯ ಮನೆಯ ಹುಡುಗ ಇನ್ನೊಂದು ಹಾಡುತ್ತಾನೆ. ಇಬ್ಬರೂ ತಮ್ಮ ಪಾಠದ ಪ್ರಕಾರ ಸರಿಯೇ.

ದೊಡ್ಡವರು ಈ ತೊಡಕನ್ನು ಹೇಗೆ ಬಿಡಿಸಿದರು? ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಬೇರೆಬೇರೆ ಗುರುತುಗಳನ್ನಿಟ್ಟು ಅವುಗಳ ಅರ್ಥವನ್ನು ವಿವರಿಸಿದರು. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ನೂರಾರು ಚೀಜುಗಳನ್ನು ಒಂದೇ ಲಿಪಿಕ್ರಮದಲ್ಲಿ ಬರೆದಿಟ್ಟರು. ಗುರುತನ್ನು ಗೊತ್ತುಮಾಡಿಕೊಂಡು ಕೊನೆಯವರೆಗೆ ಅದನ್ನೇ ಪಾಲಿಸುವುದು ಇಬ್ಬರಿಂದಲೂ ಕಲಿಯತಕ್ಕ ಪಾಠ.

ವಿದ್ಯಾರ್ಥಿಗಳು ಮಾಡತಕ್ಕದ್ದೂ ಇಷ್ಟೇ. ಎರಡನೆಯ ಪುಟದಲ್ಲಿ ಚೌಕಟ್ಟು ಹಾಕಿ ಗುರುತುಗಳ ಅರ್ಥವನ್ನು ಪ್ರತಿ ಸಂಚಿಕೆಯಲ್ಲಿಯೂ ಕೊಡಬೇಕು. ಹಿಂದಿನ ಸಂಚಿಕೆ ಎಲ್ಲರ ಬಳಿಯೂ ಇರುವುದಿಲ್ಲ. ಪ್ರತಿ ರಚನೆಯ ತಲೆಯಲ್ಲಿ ಪದ್ಧತಿ, ರಾಗ, ತಾಳ, ರಚನೆ ಮಾಡಿದವರ ಹೆಸರು ಇದೇ ಅನುಕ್ರಮದಲ್ಲಿ ಬರಲಿ. ಒಂದು ಪುಟದಲ್ಲಿ ಎರಡು ಪದ್ಧತಿಗಳನ್ನು ಕೂಡಿಸಬೇಡಿರಿ. ಈಚಿನ ಕವಿಗಳ ಪದ್ಯಗಳನ್ನೂ ಸಿನಿಮಾ ಹಾಡುಗಳನ್ನೂ ಅಪ್ಪಣೆಯಿಲ್ಲದೆ ಅಚ್ಚುಹಾಕುವಂತಿಲ್ಲ. ನಮ್ಮ ದೇಶದ 1957ರ ಕಾಯಿದೆಯಂತೆ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ದಾಸರ ಪದಗಳಿಗೆ ಈ ಅಡ್ಡಿಯಿಲ್ಲ.

ಸ್ವರ ಬರೆಯಲು ಲೆಕ್ಕದ ಚೌಕುಳಿ ಪುಸ್ತಕದಂತಹ ಸಾಧನ ಬೇರೊಂದಿಲ್ಲ. ಒಂದು ಚೌಕಕ್ಕೆ ಒಂದು ಅಕ್ಷರಕಾಲ. ಮೇಲಿನ ಸಾಲಿನಲ್ಲಿ ಸ್ವರ, ಅದರ ನೇರ ಕೆಳಗೆ ಸಾಹಿತ್ಯ. ಎಂಟಕ್ಷರದ ಆದಿತಾಳ ನಾಲ್ಕು, ಎರಡು, ಎರಡಾಗಿ ಹೀಗೆ ಒಡೆಯುತ್ತದೆ:

ಸ ರಿ ಗ ಮ | ಪ ದ | ನಿ ಸ ||

ಕೊನೆಯ ‘ಸ’ದ ನೆತ್ತಿಗೆ ತಾರಸ್ಥಾಯಿಯ ಚುಕ್ಕೆ ಬರಬೇಕು. ಕಂಪ್ಯೂಟರಿನಲ್ಲಿ ಈ ಚುಕ್ಕೆಯನ್ನು ಮೂಡಿಸುವುದು ಸುಲಭವಲ್ಲ. ಮೂಲಪ್ರತಿಯನ್ನು ತೆಗೆದ ಮೇಲೆ ಪೆನ್ನಿನಿಂದ ಚುಕ್ಕೆಯಿಟ್ಟು ಅನಂತರ ಜೆರಾಕ್ಸಿಗೆ ಕೊಟ್ಟರೆ ಕೆಲಸ ಹಗುರ. ಕಂಪ್ಯೂಟರಿನಲ್ಲಿ ಬರೆಯುವವರು ಖಾಲಿ ಜಾಗ ಒತ್ತಿ ಒತ್ತಿ ಸಾಲು ಸರಿಮಾಡಲು ಹೋಗಬಾರದು. ‘ಗ’ ಕಿರಿದು, ‘ಮ’ ಅಗಲ. ಎಷ್ಟು ಒತ್ತಿದರೂ ಸಾಲು ಕೂಡದು. ಕೋಷ್ಟಕ ಹಾಕಿ ಒಂದು ಮನೆಗೆ ಒಂದು ಸ್ವರ ಕೂರಿಸಬೇಕು. ಹದಿನಾರು ಮಾತ್ರೆಯ ತೀನತಾಳದ ಆವರ್ತನವನ್ನು ಸಾಲಿನ ನಡುವೆ ಮುರಿಯಬೇಡಿರಿ. ಮಡಿಸಿದ ಎ-4 ಹಾಳೆಯ ಪುಟದ ಅಗಲ 148 ಮಿಲಿಮೀಟರು. ಎರಡು ಕಡೆ ಹತ್ತು ಹತ್ತು ಬಿಟ್ಟರೆ 128 ಉಳಿಯುತ್ತದೆ. ಹದಿನಾರು ಮನೆಗಳಿಗೆ ತಲಾ ಎಂಟರಂತೆ ಸರಿಯಾಗಿ ಹಿಡಿಸುತ್ತದೆ.

ಹಾಳೆ ಮಡಿಸುವ ಲೆಕ್ಕ

ಒಂದು ಎ-4 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ಆದುದರಿಂದ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಬೇಕು. ಎಂಟು ಪುಟದ ಪತ್ರಿಕೆಗೆ ಎರಡು ಹಾಳೆ ಸಾಕು. ಹೊರ ಹಾಳೆಯ ಒಂದು ಮಗ್ಗುಲಿನಲ್ಲಿ 8 ಮತ್ತು 1, ಇನ್ನೊಂದರಲ್ಲಿ 2 ಮತ್ತು 7. ಒಳ ಹಾಳೆಯಲ್ಲಿ 6 ಮತ್ತು 3, ಅದರ ಹಿಂದೆ 4 ಮತ್ತು 5. ಯಾವ ಜೋಡಿಯನ್ನು ಕೂಡಿದರೂ ಒಂಬತ್ತು ಬರಬೇಕು. ಬಾರದಿದ್ದರೆ ಜೋಡಣೆ ತಪ್ಪಿದೆಯೆಂದು ತಿಳಿಯಬೇಕು. ಮೊದಲು ಖಾಲಿ ಹಾಳೆಗಳನ್ನು ಮಡಿಸಿ ಪೆನ್ಸಿಲಿನಿಂದ ಅಂಕಿ ಹಾಕಿ ನೋಡಿಕೊಂಡರೆ ಕಾಗದವೂ ದುಡ್ಡೂ ಉಳಿಯುತ್ತವೆ. 4 ಮತ್ತು 5ನೆಯ ಪುಟಗಳು ಒಂದೇ ಹಾಳೆಯ ಮೇಲೆ ಎದುರುಬದುರು ತೆರೆದುಕೊಳ್ಳುತ್ತವೆ. ಸ್ವರಲಿಪಿಯನ್ನು ಅಲ್ಲಿಯೇ ಇಡಿರಿ. ಹಾಡುವಾಗ ಪುಟ ತಿರುವಬೇಕಾಗಿಲ್ಲ. ತಾಳ ಹಾಕುವ ಕೈ ತಾಳದಲ್ಲಿಯೇ ಇರುತ್ತದೆ.

ವಾಡಿಕೆಯೂ ಸ್ವಾತಂತ್ರ್ಯವೂ

ಎಲ್ಲರಂತೆ ಮಾಡುವುದಾದರೆ ನಮ್ಮದೇನು ಹೆಚ್ಚು ಎಂದು ಹುಡುಗರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಅವರ ಸಂಗೀತದ ಪಾಠದಲ್ಲಿಯೇ ಇದೆ. ಗಾಯಕನು ರಾಗದ ಸ್ವರಗಳನ್ನು ಬದಲಿಸುವುದಿಲ್ಲ, ತಾಳದ ಅಕ್ಷರಗಳನ್ನು ಕದಿಯುವುದಿಲ್ಲ. ಆದರೂ ಇಬ್ಬರು ಗಾಯಕರು ಒಂದೇ ರಾಗವನ್ನು ಒಂದೇ ತರಹ ಹಾಡಿದ್ದುಂಟೆ? ಮುಖಪುಟದ ಚಿತ್ರದಲ್ಲಿ, ವಿಷಯದ ಆಯ್ಕೆಯಲ್ಲಿ, ಕೇಳುವ ಪ್ರಶ್ನೆಗಳಲ್ಲಿ ಬೇಕಾದಷ್ಟು ಸ್ವಾತಂತ್ರ್ಯವಿದೆ. ಹೆಸರು, ತಿಂಗಳು, ಪುಟಸಂಖ್ಯೆ, ಸ್ವರದ ಗುರುತು ಇವು ಓದುಗನಿಗೆ ಸೇರಿದವು, ಅವನ್ನು ಕದಲಿಸಬಾರದು.

ಕೊನೆಗೆ ಒಂದು ಪರೀಕ್ಷೆ. ಪ್ರತಿಗಳನ್ನು ತೆಗೆಸುವ ಮುಂಚೆ ಸ್ವರಲಿಪಿಯ ಪುಟವನ್ನು, ಅದನ್ನು ಬರೆಯದ ಇಬ್ಬರ ಕೈಗೆ ಕೊಡಿರಿ. ಒಬ್ಬರು ಹಿಂದೂಸ್ತಾನಿ ಕಲಿತವರು, ಒಬ್ಬರು ಕರ್ನಾಟಕ ಕಲಿತವರು. ಪಕ್ಕದಲ್ಲಿ ನಿಂತು ವಿವರಿಸಬೇಡಿರಿ. ಇಬ್ಬರೂ ಬೇರೆಬೇರೆಯಾಗಿ ಓದಿ ಒಂದೇ ಹಾಡನ್ನು ಹಾಡಿದರೆ ಆ ಪುಟ ಸಿದ್ಧವಾಯಿತು. ಎಲ್ಲಿ ತಡವರಿಸಿದರೋ ಅಲ್ಲಿ ಪುಟವನ್ನು ತಿದ್ದಬೇಕು. ಅಂಥ ಪುಟ ರಾಯಚೂರಿನ ನೆಂಟರ ಮಗುವಿನ ಕೈಗೆ ಹೋದರೂ, ಬರೆದವರ ನೆರವಿಲ್ಲದೆ ಹಾಡುತ್ತದೆ. ಇಂಥ ಪತ್ರಿಕೆ ಮಾಡಹೊರಟ ಮಕ್ಕಳಿಗೆ ನಮ್ಮ ವಾಚನಾಲಯದ ಮೇಜೂ ಹಳೆಯ ಸಂಚಿಕೆಗಳೂ ಸದಾ ತೆರೆದಿವೆ. ತಂದೆತಾಯಿಗಳು ಅವರನ್ನು ಕಳುಹಿಸಿಕೊಡಬೇಕು, ಒಂದು ಚೌಕುಳಿ ಪುಸ್ತಕವನ್ನೂ ಜೊತೆಗೆ ಕೊಟ್ಟು.